ಹಿಂಬದಿಯ ಹೆಸರು

ನನ್ನದು ಜೀನ್ಸ್ ಕೆಲಸ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹೊಚ್ಚಹೊಸ ಪ್ಯಾಂಟನ್ನು ಮರಳು ಕಾಗದದಿಂದ ತಿಕ್ಕಿ, ಮೊಣಕಾಲು ಬಿಳಿಚಿಸಿ, ಹಳೆಯದರ ಹಾಗೆ ಮಾಡಿ ಕಳಿಸುತ್ತೇನೆ. ಗೋಡೆಯಾಚೆ ವಾಚ್ ರಿಪೇರಿಯ ಹುಲಿಗೇಶನ ಅಂಗಡಿ. ಅವನು ಹಳೆಯದನ್ನು ತಿಕ್ಕಿ ಹೊಸದು ಮಾಡುವವನು. ನಮ್ಮಿಬ್ಬರಲ್ಲಿ ಒಬ್ಬನಿಗೆ ತಲೆ ಕೆಟ್ಟಿದೆ ವಿರೂಪಾಕ್ಷಿ ಎಂದು ದಿನಾ ಅನ್ನುತ್ತಿದ್ದ. ಯಾರಿಗೆ ಅಂತ ನಾನು ಕೇಳುತ್ತಿರಲಿಲ್ಲ. ಕೇಳಿದರೆ ಚಹಾದ ದುಡ್ಡು ನನ್ನ ತಲೆಗೇ ಕಟ್ಟುತ್ತಿದ್ದ.

ಕೀ ಕೊಡುವ ಹಳೆಯ ಕೈಗಡಿಯಾರ ಎಂದರೆ ಅವನಿಗೆ ಹುಚ್ಚು. ಸಂತೆ, ಗುಜರಿ, ಯಾರದೋ ಅಟ್ಟ, ಎಲ್ಲಿಂದಲೋ ಹುಡುಕಿ ತರುತ್ತಿದ್ದ. ಡಯಲ್ಲಿಗೆ ಹೊಸ ಬಣ್ಣ ಬಳಿಸಿ, ಕೇಸನ್ನು ಕನ್ನಡಿಯ ಹಾಗೆ ತಿಕ್ಕಿ ಗಾಜಿನ ಕಪಾಟಿನಲ್ಲಿ ಜೋಡಿಸುತ್ತಿದ್ದ. ಹಳೆ ವಾಚು ಕೂಡಿಸುವವರದ್ದೊಂದು ವಾಟ್ಸಾಪ್ ಗುಂಪಿದೆ. ತಿಕ್ಕುವ ಮೊದಲು ಒಂದು, ತಿಕ್ಕಿದ ಮೇಲೆ ಒಂದು ಫೋಟೋ ಅದರಲ್ಲಿ ಹಾಕದಿದ್ದರೆ ಅವನಿಗೆ ಉಂಡದ್ದು ಜೀರ್ಣವಾಗುತ್ತಿರಲಿಲ್ಲ. ಗುಂಪಿನವರು ಬೈಯುವುದೂ ಅಷ್ಟೇ ಗ್ಯಾರಂಟಿ. ಗೀರು ಇರಲಿ, ಕಲೆ ಇರಲಿ, ಇದ್ದದ್ದು ಇದ್ದ ಹಾಗೆ ಇದ್ದರೇ ಅದು ವಾಚು, ನೀನು ತಿಕ್ಕಿ ತಿಕ್ಕಿ ಅದರ ಜೀವ ತೆಗೆಯುತ್ತೀ ಎಂದು ಹೈದರಾಬಾದಿನವನೊಬ್ಬ ಬರೆದಿದ್ದ. ಮೈ ತೊಳೆದುಕೊಳ್ಳದವರೆಲ್ಲ ಹಾಗೇ ಹೇಳುವುದು ಎಂದು ಹುಲಿಗೇಶ ನಕ್ಕುಬಿಟ್ಟ.

ಹಿಂಬದಿಯಲ್ಲಿ ಹೆಸರಿದ್ದರಂತೂ ಅವನಿಗೆ ಮೈಯೆಲ್ಲ ಉರಿ. ನಮ್ಮ ಕಡೆ ಮದುವೆಗೆ ಪಾತ್ರೆ ಕೊಂಡಾಗ ಚೊಂಬು, ತಟ್ಟೆ, ಕೊಡ ಎಲ್ಲದರ ಮೇಲೂ ಹೆಸರು ಹಾಕಿಸುತ್ತೇವೆ. ಪಾತ್ರೆ ಅಂಗಡಿಯವನು ಸಣ್ಣ ಮಿಷನ್ ಹಿಡಿದು ಚುಕ್ಕಿ ಚುಕ್ಕಿಯಾಗಿ ಕೊರೆದು ಕೊಡುತ್ತಾನೆ. ಕೆಲವರು ಅದೇ ಗಳಿಗೆಯಲ್ಲಿ ಅಳಿಯನಿಗೆ ಕೊಡುವ ವಾಚನ್ನೂ ಮುಂದೆ ಚಾಚುತ್ತಾರೆ. ವಾಚೇನು ಚೊಂಬೇ ಎಂದು ಗೊಣಗುತ್ತಾ ಹುಲಿಗೇಶ ಎಷ್ಟೋ ಹೆಸರು ಅಳಿಸಿದ್ದ.

ಅಂಥದೇ ಒಂದು ವಾಚು ಹಿಡಿದು ಕುರುಗೋಡಿನ ದೊಡ್ಡಬಸವರಾಜ ಬಂದ. ದಪ್ಪ ಆಳು, ಮೆತ್ತನೆಯ ಮಾತು. ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ. ಮಗನ ಮದುವೆಗೆ ಬೇಕು, ಹೊಸದರ ಹಾಗೆ ಆಗಬೇಕು, ಹಿಂದಿನ ಹೆಸರು ಪೂರಾ ಹೋಗಬೇಕು ಎಂದ. ಹುಲಿಗೇಶ ಮೊದಲು ಎರಡೂ ಬದಿ ಫೋಟೋ ಹೊಡೆದುಕೊಂಡ, ಆಮೇಲೆ ಮುಚ್ಚಳ ಬಿಚ್ಚಿದ. ಒಳಗೆಲ್ಲ ತುಕ್ಕು, ನಯವಾದ ಮರಳು. ಅದು ಹೊಳೆಯ ಮರಳು. ತುಂಗಭದ್ರೆಯ ದಂಡೆ ತುಳಿದವರಿಗೆ ಅದನ್ನು ಹೇಳಿಕೊಡಬೇಕಿಲ್ಲ.

"ನೀರಾಗ ಬಿದ್ದಿತ್ತೇನ್ರಿ?" ಎಂದ ಹುಲಿಗೇಶ.

ದೊಡ್ಡಬಸವರಾಜ ರಸ್ತೆ ಕಡೆ ನೋಡಿದ. "ಹಳೇದು. ಯಾರಿಗೆ ನೆನಪೈತಿ?"

ಹುಲಿಗೇಶ ಮರಳನ್ನು ಕಾಗದದ ಮೇಲೆ ಕೊಡವಿ, ಕಾಗದ ಮುದುರಿ ಬುಟ್ಟಿಗೆ ಹಾಕಿದ. ವಾರದೊಳಗೆ ವಾಚು ನಿನ್ನೆ ಕಾರ್ಖಾನೆಯಿಂದ ಬಂದಂತೆ ಮಿಂಚುತ್ತಿತ್ತು. ಹಿಂಬದಿಯಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಬಹುದಿತ್ತು. ಅಷ್ಟು ಒಳ್ಳೆಯ ಕೆಲಸ ಯಾಕಾದರೂ ಮಾಡಿದನೋ ಎಂದು ಈಗ ಅನ್ನಿಸುತ್ತದೆ.

ಮದುವೆ ಮುಗಿದ ಮೇಲೆ ಹಚ್ಚೊಳ್ಳಿಯಿಂದ ಒಬ್ಬ ಹೆಂಗಸು ಬಂದಳು. ಹೆಸರು ಜಡೆಮ್ಮ, ದೊಡ್ಡಬಸವರಾಜನ ತಮ್ಮನ ಹೆಂಡತಿ. ಹಣೆಯಲ್ಲಿ ಅಗಲ ಕುಂಕುಮ. ಅವಳ ಗಂಡ ಚಿನ್ನಪ್ಪ ಎಷ್ಟೋ ವರ್ಷದ ಹಿಂದೆ ಹೊಲದಲ್ಲಿ ತನ್ನ ಪಾಲು ಕೇಳುತ್ತೇನೆಂದು ಅಣ್ಣನ ಮನೆಗೆ ಕುರುಗೋಡಿಗೆ ಹೋದವನು ತಿರುಗಿ ಬರಲಿಲ್ಲ. ತನ್ನ ಮನೆಗೆ ಅವನು ಬರಲೇ ಇಲ್ಲ, ಕೆಂಚನಗುಡ್ಡದ ಹತ್ತಿರ ಸಾಧುಗಳ ಜೊತೆ ಇದ್ದದ್ದನ್ನು ಯಾರೋ ನೋಡಿದರಂತೆ ಎಂದು ಅಣ್ಣ ಹೇಳಿದ. ಎಂದಾದರೂ ಬಂದಾನು ಎಂದು ಇವಳು ಕಾಯುತ್ತಲೇ ಇದ್ದಳು. ಕಾಲುವೆ ನೀರಿನ ಹೊಲ ಅಣ್ಣನ ಕೈಯಲ್ಲಿತ್ತು.

ಮದುವೆಯಲ್ಲಿ ಮದುಮಗನ ಕೈಯಲ್ಲಿದ್ದ ವಾಚು ಕಂಡು, ತನ್ನ ಗಂಡನದರ ಹಾಗೇ ಇದೆಯಲ್ಲ ಎಂದು ಅವಳು ಹುಡುಗನ ಕೈ ಹಿಡಿದು ತಿರುವಿ ನೋಡಿದಳಂತೆ. ಹಿಂಬದಿ ಬೋಳು. ಅಷ್ಟಕ್ಕೇ ಬಿಡುತ್ತಿದ್ದಳೋ ಏನೋ, ಆದರೆ ಭಾವ ಓಡಿ ಬಂದು ಮಗನ ಕೈ ಎಳೆದುಕೊಂಡ. ಅಂಗಡಿ ಯಾವುದೆಂದು ಆ ಹುಡುಗನೇ ಜಂಬದಿಂದ ಹೇಳಿದ್ದ. ಅವಳು ಕೇಳಲು ಬಂದದ್ದು ಒಂದೇ ಮಾತು, ಹಿಂದೆ ಹೆಸರು ಇತ್ತೋ ಇಲ್ಲವೋ.

ಹುಲಿಗೇಶ ಫೋನ್ ತೆಗೆದು ಹಳೆಯ ಫೋಟೋ ತೋರಿಸಿದ. ಚುಕ್ಕಿ ಅಕ್ಷರದಲ್ಲಿ ಜಡೆಮ್ಮ, ಚಿನ್ನಪ್ಪ. ಸಿರುಗುಪ್ಪದ ಪಾತ್ರೆ ಅಂಗಡಿಯಲ್ಲಿ ಅವಳಪ್ಪ ಕೊರೆಸಿದ್ದು. ಅವಳು ಆ ಎರಡು ಹೆಸರನ್ನು ಬೆರಳಿಟ್ಟು ಓದಿ, ಹಾಗೇ ನೆಲದ ಮೇಲೆ ಕೂತಳು.

"ಸ್ನಾನಕ್ಕ ಹೋದ್ರೂ ಇದನ್ನ ಅವರು ಕೈಯಿಂದ ತಗೀತಿದ್ದಿಲ್ಲ" ಎಂದಳು.

ಮರಳಿನ ವಿಷಯವನ್ನೂ ಹುಲಿಗೇಶ ಮುಚ್ಚಿಡದೆ ಹೇಳಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ, ಆ ವಾಚು ಸಿಕ್ಕರೆ ಹೆಸರನ್ನು ಅಲ್ಲೇ ಮತ್ತೆ ಬರೆದುಕೊಡುತ್ತೀಯಾ ಎಂದು ಕೇಳಿದಳು.

"ಬರದ್ರ ಅದು ನನ್ನ ಅಕ್ಷರ ಆಗತೈತಿ, ಜಡೆಮ್ಮಕ್ಕ. ನಿಮ್ಮಪ್ಪ ಬರಸಿದ್ದು ಆಗಂಗಿಲ್ಲ."

ಹಾಗಾದರೆ ಸಿರುಗುಪ್ಪ ಠಾಣೆಗೆ ಬಂದು ಕಂಡದ್ದನ್ನು ಹೇಳು ಎಂದಳು. ಸೋಮವಾರ ಬರುತ್ತೇನೆ ಎಂದ. ಅವಳು ಹೋದ ಮೇಲೆ ನಾನು ಚೆನ್ನಾಗಿ ಉಗಿದೆ. ಊರ ಉಸಾಬರಿ ನಿನಗೇಕೆ, ಹೆಂಡತಿ ಮಕ್ಕಳಿದ್ದಾರೆ, ಆ ಫೋಟೋ ಅಳಿಸಿ ಹಾಕು ಎಂದೆ. ಹೆದರಿಕೆ ನನ್ನದು, ಸುಳ್ಳು ಯಾಕೆ ಹೇಳಲಿ.

"ಅಳಿಸಿದ್ದು ಸಾಕು ಬಿಡಲೇ" ಎಂದ.

ಮರುದಿನವೇ ದೊಡ್ಡಬಸವರಾಜ ಬಂದ. ಸ್ಟೂಲ್ ಎಳೆದುಕೊಂಡು ಕೂತು, ಚಹಾ ತರಿಸಿ ನಮಗೂ ಕುಡಿಸಿದ. ಹಚ್ಚೊಳ್ಳಿಯವಳು ಬಂದಿದ್ದಳಾ ಎಂದು ಕೇಳಿದ, ಫೋಟೋ ಏನಾದರೂ ತೆಗೆದಿದ್ದೀಯಾ ಎಂದೂ ಕೇಳಿದ. ಹುಲಿಗೇಶ ಎರಡಕ್ಕೂ ಹೌದು ಎಂದ. ಕೂಗಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಆದರೆ ಆ ಮನುಷ್ಯ ಮೆಲ್ಲಗೆ ಹುಲಿಗೇಶನ ಮಣಿಕಟ್ಟು ಹಿಡಿದು, ಅವನು ಕಟ್ಟಿದ್ದ ವಾಚನ್ನು ನೋಡಿದ.

"ಬಾಳ ಚಂದ ಐತಿ. ಹಿಂದ ಹೆಸರು ಬರಸೀಯೇನು?"

"ಇಲ್ರಿ."

"ಬರಸಿಕೋ. ಮನಿಯವರಿಗೆ ಗುರುತು ಸಿಗಬೇಕಲ್ಲ."

ಗ್ಲಾಸು ಕೆಳಗಿಟ್ಟು ಹೊರಟುಹೋದ. ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಗಿತ್ತು.

ಅವತ್ತು ಹುಲಿಗೇಶ ಆ ಫೋಟೋವನ್ನು ನನಗೂ ಕಳಿಸಿದ, ವಾಚಿನವರ ಗುಂಪಿಗೂ ಹಾಕಿದ. ತಿಕ್ಕುವ ಮೊದಲಿನದ್ದು ಮಾತ್ರ. ಯಾರೂ ಬೈಯಲಿಲ್ಲ. ಹೈದರಾಬಾದಿನವನು ಚೆನ್ನಾಗಿದೆ, ಇದನ್ನು ಹೀಗೇ ಬಿಡು ಎಂದು ಬರೆದ. ಪಾಪ, ಅವನಿಗೇನು ಗೊತ್ತು.

ಸೋಮವಾರ ಬೆಳಿಗ್ಗೆ ಸಿರುಗುಪ್ಪದ ಬಸ್ಸಿಗೆ ಹೊರಡುವ ಮುಂಚೆ ಅಂಗಡಿ ತೆರೆದು ಕೂತಿದ್ದ. ತನ್ನ ವಾಚು ಬಿಚ್ಚಿ ಬೋರಲಾಗಿಟ್ಟು, ಅವನೇ ಕನ್ನಡಿ ಮಾಡಿದ್ದ ಆ ಹಿಂಬದಿಯ ಮೇಲೆ ಸೂಜಿಯಿಂದ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಯುತ್ತಿದ್ದ. ಹುಲಿಗೇಶ, ಕೌಲ್ ಬಜಾರ್. ಕೂದಲೆಳೆಯಂಥ ತಂತಿ ಹಿಡಿದರೂ ಅಲುಗದ ಕೈ ಕೊರೆದ ಅಕ್ಷರಗಳೆಲ್ಲ ಸೊಟ್ಟಗಾಗಿದ್ದವು. ವಾಚನ್ನು ನನ್ನ ಕೈಗೆ ಕೊಟ್ಟು, ಅಕ್ಷರ ಚೆನ್ನಾಗಿ ನೋಡಿಟ್ಟುಕೋ ಎಂದ. ನಾನು ನೋಡಿದೆ. ಲೇ, ಹೋಗಬೇಡವೋ ಎಂದು ಕೈ ಹಿಡಿದುಕೊಂಡೆ. ಬಿಡಿಸಿಕೊಂಡು, ವಾಚನ್ನು ತನ್ನ ಕೈಗೆ ಕಟ್ಟಿ, ಅಂಗಡಿ ಕೀಲಿ ನನ್ನ ಜೇಬಿಗೆ ಹಾಕಿ ಹೋದ.

ಠಾಣೆಯಲ್ಲಿ ಎಲ್ಲ ಹೇಳಿದನಂತೆ, ಬರೆಸಿ ಸಹಿಯೂ ಹಾಕಿದನಂತೆ. ಆಮೇಲೆ ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆಂದು ಒಬ್ಬನೇ ಹೊರಟನಂತೆ. ಜಡೆಮ್ಮ ಹೇಳಿದ್ದು ಇಷ್ಟೇ. ಅವನಿನ್ನೂ ಬಂದಿಲ್ಲ, ಫೋನೂ ಹತ್ತುತ್ತಿಲ್ಲ. ಅವನ ಹೆಂಡತಿ ದಿನಾ ಅಂಗಡಿಗೆ ಬಂದು ನನ್ನ ಮುಖ ನೋಡಿ ಹೋಗುತ್ತಾಳೆ. ನಾನು ಜೀನ್ಸ್ ಬಿಟ್ಟು ಅವನ ಅಂಗಡಿ ತೆರೆದು ಕೂರುತ್ತಿದ್ದೇನೆ. ರಿಪೇರಿ ಮಾಡಲು ನನಗೆ ಬರುವುದಿಲ್ಲ. ಯಾರು ಹಳೆಯ ವಾಚು ತಂದರೂ ಈಸಿಕೊಂಡು, ಮೊದಲು ತಿರುವಿ ಹಿಂಬದಿ ನೋಡುತ್ತೇನೆ.