ತುಂಬೆಯ ಮುಂದೆ ಮೆಷಿನ್ ಮಾವ
ಹುಲ್ಲು ಹೊಡೆಯುವ ಮೆಷಿನ್ನನ್ನು ಹೆಗಲಿಗೇರಿಸಿಕೊಂಡು ಕಚೇರಿಯ ಅಂಗಳಕ್ಕೆ ಬರುತ್ತಿದ್ದ ಮೆಷಿನ್ ಮಾವನ ಗತ್ತನ್ನು ಅಲ್ಲಿ ಟೈಪಿಸ್ಟ್ ಆಗಿದ್ದ ಹುಡುಗಿ ಈಗ ಅಜ್ಜಿಯಾಗಿದ್ದರೂ ಮರೆತಿಲ್ಲ. ಅಂಗಳವನ್ನೆಲ್ಲ ನುಣ್ಣಗೆ ಬೋಳಿಸುತ್ತಿದ್ದವನು ಅವಳ ಕಿಟಕಿಯ ಕೆಳಗೆ ತಾನಾಗಿ ಬೆಳೆದ ತುಂಬೆ ಗಿಡಗಳ ಹತ್ತಿರ ಬಂದಕೂಡಲೇ ಮೆಷಿನ್ ನಿಲ್ಲಿಸಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ. "ಬೆಳಿಗ್ಗೆ ಜೇನುಗಳ ಪಾಳಿ, ಬಿಸಿಲೇರಿದ ಮೇಲೆ ಚಿಟ್ಟೆಗಳದ್ದು. ನಿಮ್ಮ ಗುಮಾಸ್ತರ ಥರ ತಡವಾಗಿ ಬರೋರು ಒಬ್ರೂ ಇಲ್ಲ ನೋಡಮ್ಮ," ಎನ್ನುತ್ತಿದ್ದ. ಸಾಹೇಬರು ಮಹಡಿಯಿಂದ ಎಷ್ಟು ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ. ಅವರೇ ಕೆಳಗಿಳಿದು ಬಂದು, ಈ ಕಳೆ ಯಾಕೆ ಬಿಟ್ಟೆ ಎಂಬಂತೆ ಬೆರಳು ತೋರಿಸಿದರೆ, "ಊಟಕ್ಕೆ ಕೂತೋರನ್ನ ಎಬ್ಬಿಸ್ಲಾ ಸಾರ್?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದ. ಎಂಥ ಕೊಬ್ಬು ಇವನಿಗೆ ಎಂದು ಕಚೇರಿಯೇ ನಗುತ್ತಿತ್ತು. ಎದ್ದು ಹೋಗುವ ಮೊದಲು ಮಾತ್ರ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಜೇನು ಕೂತ ಬಿಳಿ ಹೂವಿನ ಪಕ್ಕ ಅಂಗೈ ಹಿಡಿದು, ಕಿಟಕಿಯತ್ತ ಮುಖವೆತ್ತಿ ಕೇಳುತ್ತಿದ್ದ: "ಗುಂಯ್ ಅಂತಿದಾವಾ ಮಗಳೇ?" ಹಲವು ವರ್ಷಗಳ ಮೆಷಿನ್ ಸದ್ದು ಅವನ ಕಿವಿಯನ್ನು ತಿಂದುಹಾಕಿದ್ದು ಅವಳೊಬ್ಬಳಿಗೇ ಗೊತ್ತಿತ್ತು. ಅವಳು ಹೌದೆಂದು ಜೋರಾಗಿ ತಲೆಯಾಡಿಸುತ್ತಿದ್ದಳು. ಅವನು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ.