ಭೂತಗನ್ನಡಿಯಲ್ಲಿ ಕಾಣದ ಬೆಟ್ಟ

ಶ್ರೀರಂಗಪಟ್ಟಣದ ಮ್ಯೂಸಿಯಂನಲ್ಲಿ ಜಪಾನಿನ ಚಿತ್ರಗಳನ್ನು ಇಟ್ಟಿದ್ದಾರೆಂದು ಕೇಳಿ ಹೋಗಲೇಬೇಕೆಂದು ಹಟ ಹಿಡಿದವಳು ನಾನು. ಅರಕೆರೆಯ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದೆ. ನಮ್ಮ ಯಜಮಾನರಿಗೆ ಗದ್ದೆ, ಹಸು, ಡೈರಿ ಬಿಟ್ಟರೆ ಬೇರೆ ಗೊಡವೆಯಿಲ್ಲ. "ಕಬ್ಬಿಗೆ ನೀರು ಬುಟ್ಟಿವ್ನಿ, ಬಿರ್ರನೆ ನೋಡ್ಕೊಂಡು ಬಂದ್ಬುಡವ" ಎನ್ನುತ್ತಲೇ ಬೈಕ್ ತೆಗೆದರು.

ಮರದ ಹಲಗೆಯಲ್ಲಿ ಕೆತ್ತಿ, ಬಣ್ಣ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆದ ಚಿತ್ರಗಳವು. ಹಿಮ ಹೊದ್ದ ಬೆಟ್ಟ, ಗೆರೆ ಎಳೆದಂತೆ ಸುರಿಯುವ ಮಳೆ, ಸೇತುವೆಯ ಮೇಲೆ ತಲೆ ತಗ್ಗಿಸಿ ಓಡುವ ಜನ. ಅವಸರ ಮಾಡಿದವರೇ ನನಗಿಂತ ನಿಧಾನವಾಗಿ ನೋಡತೊಡಗಿದರು. ಗದ್ದೆಯ ಚಿತ್ರವೊಂದರ ಮುಂದೆ ನಿಂತು, "ಇವ್ರೂ ನಮ್ಮಂಗೇ ಬಗ್ಗಿ ನಾಟಿ ಆಕ್ತಾವ್ರೆ ಕಣಮ್ಮಿ" ಎಂದು ನಕ್ಕರು.

ಅಲ್ಲಿದ್ದ ಮೇಡಂ ಒಬ್ಬರು ಅವರ ಕೈಗೆ ಭೂತಗನ್ನಡಿ ಕೊಟ್ಟು, ಬೆಟ್ಟದ ಹಿಂದಿನ ಆಕಾಶದಲ್ಲಿ ಹಲಗೆಯ ಎಳೆಗಳೂ ಮೂಡಿವೆ, ನೋಡಿ ಎಂದರು. ಇವರು ಬಲಗಣ್ಣು ಮುಚ್ಚಿ, ಗಾಜನ್ನು ಎಡಗಣ್ಣಿಗೆ ಹಿಡಿದರು.

"ಮಸಿ ಹಿಡ್ದದೆ, ಒರ್ಸ್ಕೊಡಮ್ಮಿ."

ನಾನು ಇಸಿದುಕೊಂಡು ನೋಡಿದೆ. ಗಾಜು ಸ್ವಚ್ಛವಾಗಿತ್ತು. ನೀಲಿಯೊಳಗೆ ಮರದ ಎಳೆಗಳು ಸ್ಪಷ್ಟವಾಗಿ ಕಂಡವು. ಆದರೂ ಸೆರಗಿನಲ್ಲಿ ಒರೆಸಿಕೊಟ್ಟೆ.

"ಇಲ್ಲ, ಬರೀ ಕತ್ಲು. ಬೆಟ್ಟವೇ ಕಾಣಾಕಿಲ್ಲ."

"ಆಟ ಆಡ್ಬೇಡಿ."

"ನಾನ್ಯಾಕೆ ಆಟ ಆಡ್ಲಿ?"

ಗಾಜು ಕೆಳಗಿಳಿಸಿದರು. ಬಲಗಣ್ಣು ಮುಚ್ಚಿಯೇ ಇತ್ತು. ಎಡಗಣ್ಣು ನೆಟ್ಟಗೆ ನನ್ನ ಮುಖದ ಮೇಲಿತ್ತು.

"ನಾನು ಕಾಣ್ತಾ ಇದೀನಾ?" ಎಂದೆ.

"ಎಲ್ಲಿದ್ದೀಯಮ್ಮಿ?"

ಅವರು ಬಲಗಣ್ಣು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಮೇಡಂ ಕುರ್ಚಿ ತಂದು ಕೂರಿಸಿದರು. ಸ್ವಲ್ಪ ಹೊತ್ತಿನ ಮುಂಚೆ ಇದೇ ಮನುಷ್ಯ ಲಾರಿ, ಟ್ರಾಕ್ಟರುಗಳ ನಡುವೆ ನನ್ನನ್ನು ಕೂರಿಸಿಕೊಂಡು ಬಂದಿದ್ದರು! ಬೈಕ್ ಅಲ್ಲೇ ಬಿಟ್ಟು ಬಸ್ಸಿನಲ್ಲಿ ಊರಿಗೆ ಬಂದೆವು.

ಮಾರನೆಯ ದಿನ ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಸತ್ತಿದೆ ಎಂದರು. ಹೋದ ದೃಷ್ಟಿ ಮರಳುವುದಿಲ್ಲ. ಬಲಗಣ್ಣಿಗೂ ಶುರುವಾಗಿದೆ, ಆದರೆ ದಿನವೂ ತಪ್ಪದೆ ಔಷಧಿ ಹಾಕಿದರೆ ಉಳಿಸಿಕೊಳ್ಳಬಹುದು.

"ಒಂಚೂರೂ ನೋವಿರ್ನಿಲ್ಲ ಸಾರ್. ನಂಗೇ ಗೊತ್ತಾಗ್ನಿಲ್ವಲ್ಲ!"

ದಿನಾ ಎದುರಿಗೆ ಕೂತು ಊಟಕ್ಕೆ ಬಡಿಸಿದ ನನಗೂ ಗೊತ್ತಾಗಿರಲಿಲ್ಲ. ಆ ಕಣ್ಣು ನೋಡಲು ಈಗಲೂ ಇನ್ನೊಂದರಂತೆಯೇ ಇದೆ, ಕಪ್ಪಗೆ, ಹೊಳೆಯುತ್ತಾ.

ಬಲಗಣ್ಣು ಸದ್ಯಕ್ಕೆ ಉಳಿದಿದೆ. ಬೆಳಿಗ್ಗೆ, ಸಂಜೆ ನಾನೇ ಔಷಧಿಯ ಹನಿ ಹಾಕುತ್ತೇನೆ. ಡೈರಿಗೆ ಅವರು ಹಾಲಿನ ಕ್ಯಾನು ಹಿಡಿದು ನಡೆದೇ ಹೋಗುತ್ತಾರೆ, ನಾನು ಅವರ ಎಡಗಡೆಗೆ ನಡೆಯುತ್ತೇನೆ. ಮೊನ್ನೆ ಹಾಗೆ ನಡೆಯುತ್ತಾ ಏನೋ ಹೇಳುತ್ತಿದ್ದವಳು ಸುಮ್ಮನಾದೆ. ಅವರು ಗಾಬರಿಯಿಂದ ತಲೆ ಪೂರ್ತಿ ಹೊರಳಿಸಿ, "ಇದ್ದೀಯಾ?" ಎಂದರು.