ಮರಿಯಯ್ಯ ಕೇಳದೆ ಹೋದ ಪಾಠ

ಬಿಂಡಿಗನವಿಲೆಯಿಂದ ನಾಗಮಂಗಲಕ್ಕೆ ಬೆಳಿಗ್ಗೆ ಎಂಟೂಕಾಲಿನ ಬಸ್ಸು ಹತ್ತುವ ರಂಜಿತ ಏನು ಕೆಲಸ ಮಾಡುತ್ತಾಳೆ ಅಂತ ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಟೀಚರ್ ಟ್ರೈನಿಂಗ್ ಮುಗಿಸಿದವಳು, ಆದರೆ ಸ್ಕೂಲಿಗೆ ಹೋಗುವುದಿಲ್ಲ. ದಿನಾ ಪಾಠ ಮಾಡುತ್ತಾಳೆ, ಎದುರಿಗೆ ಒಂದು ಮಗುವೂ ಇರುವುದಿಲ್ಲ. ಅವಳ ತಾಯಿ ಮಾಯಮ್ಮನನ್ನು ಕೇಳಿದರೆ, ನಾವು ವಾಡೆಗೆ ರಾಗಿ ತುಂಬಿದ ಹಾಗೆ ನನ್ನ ಮಗಳು ಕಂಪ್ಯೂಟರಿಗೆ ಪಾಠ ತುಂಬುತ್ತಾಳೆ ಅನ್ನುವಳು. ಹಾಗಂದಾಗ ಅವಳ ಮುಖದಲ್ಲಿ ಒಂದು ಗೆಲುವು. ಮದುವೆಯಾದ ಮೂರು ವರ್ಷಕ್ಕೆ ಗಂಡನನ್ನು ಬಿಟ್ಟು ತವರಿಗೆ ಬಂದ ಮಗಳನ್ನು ಊರು ಮತ್ತೆ ತಲೆಯೆತ್ತಿ ನೋಡಿದ್ದು ಈ ಕೆಲಸ ಸಿಕ್ಕಿದ ಮೇಲೆಯೇ.

ನಾಗಮಂಗಲದಲ್ಲಿ ಗೊಬ್ಬರದ ಅಂಗಡಿಯ ಮೇಲೆ ಎರಡು ಕೋಣೆ. ಅಲ್ಲಿ ಚಲುವರಾಜು ಅಂತ ಒಬ್ಬರು ಆಫೀಸು ಇಟ್ಟಿದ್ದರು. ಮಿಲ್ಲು, ಡೈರಿ, ಗೋಡೌನು, ಇಂಥ ಕಡೆ ದುಡಿಯುವವರು ಫೋನಿನಲ್ಲೇ ನೋಡಿ ಕಲಿಯುವಂಥ ಪಾಠ ಮಾಡಿಕೊಡುವುದು ಅವರ ವ್ಯವಹಾರ. ರಂಜಿತ ಮೊದಲು ಹೋಗಿ ಕೆಲಸ ನೋಡಬೇಕು, ಚಿತ್ರ ತೆಗೆಯಬೇಕು, ಮಾತು ಬರೆಯಬೇಕು, ತನ್ನ ಗಂಟಲಲ್ಲೇ ಅದನ್ನು ಹೇಳಿ ತುಂಬಬೇಕು. ಕೊನೆಗೆ ಚಿತ್ರ, ಮಾತು, ಪ್ರಶ್ನೆ ಎಲ್ಲವನ್ನೂ ಒಂದು ಗಂಟು ಕಟ್ಟಿ, ಯಾವುದರ ಹಿಂದೆ ಯಾವುದು ತೆರೆಯಬೇಕು ಅಂತ ಒಂದು ಚೀಟಿ ಅದರೊಳಗೇ ಇಟ್ಟು, ಪೋರ್ಟಲ್ಲಿಗೆ ಏರಿಸಬೇಕು. ಆ ಗಂಟಿಗೆ ಅವರು ಪ್ಯಾಕೇಜು ಅನ್ನುವರು. ಚೀಟಿಯಲ್ಲಿ ಒಂದು ಗೆರೆ ಹೆಚ್ಚುಕಮ್ಮಿಯಾದರೂ ಪೋರ್ಟಲ್ಲು ಕೆಂಪಕ್ಷರ ತೋರಿಸಿ ಗಂಟನ್ನು ವಾಪಸು ಎಸೆಯುವುದು. ಮತ್ತೆ ಬಿಚ್ಚು, ಮತ್ತೆ ಕಟ್ಟು. ಅವಳಿಗೆ ಅದರಲ್ಲಿ ಬೇಸರವಿರಲಿಲ್ಲ.

ಕೆ.ಆರ್. ಪೇಟೆ ರಸ್ತೆಯಲ್ಲಿ ತೆಂಗಿನ ನಾರಿನ ಮಿಲ್ಲೊಂದಿತ್ತು. ಅದರ ಪಾಠಕ್ಕೆ ಅಂತ ಅವಳು ಎರಡು ದಿನ ಅಲ್ಲೇ ನಿಂತಳು. ಕಾಯಿಮಟ್ಟೆಯನ್ನು ಬಡಿದು ನಾರು ಬಿಡಿಸುವ ದೊಡ್ಡ ಮಿಷನ್ನು, ಕಬ್ಬಿಣದ ಹಲ್ಲು, ಮೈಮೇಲೆಲ್ಲ ಕೂರುವ ಕೆಂಪು ಧೂಳು. ಆಗಾಗ ನಾರು ಸಿಕ್ಕಿಕೊಂಡು ಮಿಷನ್ನು ನಿಲ್ಲುವುದು, ಆಳುಗಳು ಕೈ ಹಾಕಿ ಎಳೆಯುವರು. ಅವಳ ಊರಿನವನೇ ಆದ ಮರಿಯಯ್ಯ ಅಲ್ಲಿ ಹನ್ನೊಂದು ವರ್ಷದ ಹಳೇ ಆಳು. ಐವತ್ತು ದಾಟಿದವನು, ಮಾತು ಕಡಿಮೆ. ಅವಳಿಗೆ ವರಸೆಯಲ್ಲಿ ಮಾವ. ಹಲ್ಲಿನ ಹತ್ತಿರ ಹೋಗಬೇಡ ಅಂದು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೇಳಿದವನೇ ಅವನು.

ಪಾಠವನ್ನು ಮೊದಲು ಪುಸ್ತಕದ ಮಾತಿನಲ್ಲಿ ಹೇಳಿ ನೋಡಿದಳು. ಯಂತ್ರವನ್ನು ಸ್ಥಗಿತಗೊಳಿಸತಕ್ಕದ್ದು ಅಂತ ಅವಳು ಅನ್ನುವುದನ್ನು ಕೇಳಿ ಚಲುವರಾಜು ನಕ್ಕುಬಿಟ್ಟರು. "ಟೀಚರಮ್ಮ, ಅಂಗಂದ್ರೆ ಮಿಸನ್ನೂ ನಿಲ್ಲಕಿಲ್ಲ, ಆಳೂ ನಿಲ್ಲಕಿಲ್ಲ" ಅಂದರು. ಅದು ದಿಟ ಅನ್ನಿಸಿ, ಎಲ್ಲವನ್ನೂ ಅಳಿಸಿ, ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಿದಳು. ಕೆಳಗೆ ಗೊಬ್ಬರದ ಮೂಟೆ ಇಳಿಸುವ ಸದ್ದು ಬರದಿರಲಿ ಅಂತ ಕಿಟಕಿಗೆ ಎರಡು ರಗ್ಗು ಕಟ್ಟಿ, ಬೆವರು ಸುರಿಸಿಕೊಂಡು ಹೇಳಿದಳು. ಮೂವತ್ತೈದು ನಿಮಿಷದ ಪಾಠ, ಹನ್ನೊಂದು ತುಂಡು. ಒಂಬತ್ತನೆಯದು ಕರೆಂಟು ಹೋದಾಗ ಏನು ಮಾಡಬೇಕು ಅನ್ನುವುದು. ಅದನ್ನು ಅವಳು ನಾಲ್ಕು ಸಲ ಹೇಳಿ, ನಾಲ್ಕನೆಯದನ್ನು ಇಟ್ಟುಕೊಂಡಳು.

ಒಂದು ತುಂಡನ್ನು ಪೂರ್ತಿ ಕೇಳಿದ ಹೊರತು ಮುಂದಿನದು ತೆರೆಯದ ಹಾಗೆ, ಕೊನೆಯ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಹೊರತು ಮುಗಿಯಿತು ಅಂತ ತೋರಿಸದ ಹಾಗೆ ಕಟ್ಟಿದ್ದಳು. ಮಿಲ್ಲಿನವರಿಗೆ ಅದು ಹಿಡಿಸಲಿಲ್ಲ. ಅರವತ್ತೆರಡು ಆಳು, ಒಬ್ಬೊಬ್ಬರೂ ಅಷ್ಟು ಹೊತ್ತು ಕೂತರೆ ಕೆಲಸದ ಗತಿಯೇನು ಅಂತ ಮ್ಯಾನೇಜರು ಫೋನು ಮಾಡಿದರು. ಪಾಠ ತೆರೆದರೆ ಸಾಕು, ಮುಗಿಯಿತು ಅಂತ ತೋರಿಸುವ ಹಾಗೆ ಮಾಡಿ ಅಂದರು. ಚಲುವರಾಜು ಎರಡು ದಿನ ತಳ್ಳಿಹಾಕಿ, ಮೂರನೆಯ ದಿನ ಅವಳ ಮೇಜಿನ ಹತ್ತಿರ ನಿಂತು, ಪೂರ್ತಿ ಕೇಳಲೇಬೇಕು ಅನ್ನುವ ಆ ಟಿಕ್ಕು ತೆಗೆದುಬಿಡು ಅಂದರು. ಒಂದೇ ಒಂದು ಟಿಕ್ಕು. ಅವಳು ಒಂದು ಗಳಿಗೆ ತಡೆದಳು. ಆಮೇಲೆ ತೆಗೆದಳು. ಗಂಟು ಕಟ್ಟಿ ಶನಿವಾರ ಸಂಜೆ ಮತ್ತೆ ಏರಿಸಿದಳು. ಈ ಸಲ ಕೆಂಪಕ್ಷರ ಬರಲಿಲ್ಲ.

ಅದಾದ ಮೇಲಿನ ಸೋಮವಾರ, ಜೂನ್ ಹದಿನಾರು, ಮರಿಯಯ್ಯನ ತಾಯಿಯ ತಿಥಿ. ರಂಜಿತ ಅರ್ಧ ದಿನ ರಜಾ ಹಾಕಿ ಊರಲ್ಲೇ ಉಳಿದಿದ್ದಳು. ತಲೆ ಬೋಳಿಸಿಕೊಂಡು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಮರಿಯಯ್ಯ ತಾನೇ ಪಂಕ್ತಿಯಲ್ಲಿ ಬಡಿಸುತ್ತಿದ್ದ. ಅವಳ ಎಲೆಯ ಮುಂದೆ ಬಗ್ಗಿ, ಬೇಡ ಬೇಡ ಅಂದರೂ ಇನ್ನೊಂದು ಮುದ್ದೆ ಇಕ್ಕಿದ. "ನಿನ್ ಪಾಠ ನಮ್ ಮಿಲ್ಗೂ ಬತ್ತದಂತಲ್ಲವ್ವ. ಬರ್ಲಿ, ನಾನು ಮುಂದುಗಡೆನೇ ಕೂತ್ಕತೀನಿ" ಅಂದ. ಪಕ್ಕದಲ್ಲಿದ್ದವನೊಬ್ಬ, ನಿನಗೆ ನಾಲ್ಕನೇ ಕ್ಲಾಸಿನ ಪಾಠವೇ ಹತ್ತಲಿಲ್ಲ, ಈಗ ರೇಡಿಯೋ ರಂಜಿತಳ ಪಾಠ ಹತ್ತುತ್ತದಾ ಅಂತ ಕೆಣಕಿದ. ದಿನಾ ದನಿ ತುಂಬುವವಳು ಅಂತ ಊರು ಅವಳಿಗೆ ಇಟ್ಟ ಹೆಸರು ಅದು. ಎಲ್ಲರೂ ನಕ್ಕರು. ಮರಿಯಯ್ಯನೂ ನಕ್ಕು ಸಾರಿನ ಬಕೆಟ್ಟು ಎತ್ತಿಕೊಂಡು ಮುಂದಕ್ಕೆ ಹೋದ.

ಎರಡು ತಿಂಗಳ ಮೇಲೆ, ಆಗಸ್ಟಿನ ಒಂದು ಮಧ್ಯಾಹ್ನ ಮಿಲ್ಲಿನಲ್ಲಿ ಕರೆಂಟು ಹೋಯಿತು. ಮಿಷನ್ನಿನಲ್ಲಿ ನಾರು ಸಿಕ್ಕಿಕೊಂಡಿತ್ತು. ನಿಂತಿದೆಯಲ್ಲ ಅಂತ ಮರಿಯಯ್ಯ ಬಲಗೈ ಒಳಗೆ ಹಾಕಿ ನಾರು ಎಳೆಯುತ್ತಿದ್ದ. ಯಾರೂ ಸ್ವಿಚ್ಚು ಆರಿಸಿರಲಿಲ್ಲ. ಕರೆಂಟು ತಾನಾಗಿಯೇ ಬಂತು, ಮಿಷನ್ನು ತಿರುಗಿತು. ಮಂಡ್ಯದ ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲೇ ಜೀವ ಹೋಯಿತು. ಅವನ ಹೆಂಡತಿ ಪುಟ್ಟಲಕ್ಷ್ಮಮ್ಮನಿಗೆ ಮುಖ ಮಾತ್ರ ತೋರಿಸಿದರು.

ಮೂರು ವಾರ ಕಳೆದು ಪುಟ್ಟಲಕ್ಷ್ಮಮ್ಮ ಒಂದು ಕಾಗದ ಹಿಡಿದು ಮಾಯಮ್ಮನ ಮನೆಗೆ ಬಂದಳು. ಮಿಲ್ಲಿನವರು ಕೊಟ್ಟಿದ್ದು. ನಿನ್ನ ಗಂಡನಿಗೆ ಎಲ್ಲ ಹೇಳಿಕೊಟ್ಟಿದ್ದೆವು, ಪಾಸಾಗಿದ್ದ, ಗೊತ್ತಿದ್ದೂ ಕೈ ಹಾಕಿ ಸತ್ತ ಅಂದಿದ್ದರಂತೆ. ಪರಿಹಾರದ ಮಾತು ಹಾಗಿರಲಿ, ಬೀದಿಯಲ್ಲಿ ಜನ ಆಗಲೇ ಹಾಗೇ ಮಾತಾಡುತ್ತಿದ್ದರು. ಮದುವೆಗಿದ್ದ ಮಗಳ ಎದುರಿಗೇ ಒಬ್ಬರು, ನಿಮ್ಮಪ್ಪ ಕುಡಿದು ಹೋಗಿದ್ದನಾ ಅಂತ ಕೇಳಿದ್ದರು. ಅವನು ಜನ್ಮದಲ್ಲಿ ಕುಡಿದವನಲ್ಲ. ಇದರಲ್ಲಿ ಏನು ಬರೆದಿದೆ ಓದಿ ಹೇಳು ಅಂತ ಪುಟ್ಟಲಕ್ಷ್ಮಮ್ಮ ಕಾಗದ ಚಾಚಿದಳು.

ರಂಜಿತ ನೋಡಿದಳು. ತನ್ನ ಆಫೀಸಿನಲ್ಲೇ ಅಚ್ಚಾದ ಸರ್ಟಿಫಿಕೇಟು. ಮರಿಯಯ್ಯನ ಹೆಸರು. ಪಾಠ ಪೂರ್ಣಗೊಳಿಸಿದ್ದಾರೆ ಅಂತ ಒಂದು ಸಾಲು. ಕೆಳಗೆ ತಾರೀಕು, ಜೂನ್ ಹದಿನಾರು. ಅವತ್ತು ಅವನು ಅವಳ ಎಲೆಗೆ ಮುದ್ದೆ ಇಕ್ಕಿದ್ದ.

ಹೇಳಬೇಕಿತ್ತು. "ಮಾವ ಪಾಠ ಮುಗ್ಸವ್ರೆ ಅಂತ ಬರ್ದವ್ರೆ ಅತ್ತೆ" ಅಂದಳು. ಅಷ್ಟೇ ಅಂದಳು. ಪುಟ್ಟಲಕ್ಷ್ಮಮ್ಮ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಹಾಗಾದರೆ ಅವರು ಹೇಳುವುದು ದಿಟ ಅಂತ ಎದ್ದು ಹೋದಳು. ಗಂಡ ಸತ್ತ ದಿನ ಅತ್ತಿದ್ದವಳು ಅವತ್ತು ಅಳಲಿಲ್ಲ.

ಮಾರನೆಯ ದಿನ ಆಫೀಸಿನಲ್ಲಿ ರಂಜಿತ ಪೋರ್ಟಲ್ಲಿನ ಲೆಕ್ಕ ತೆಗೆದು ನೋಡಿದಳು. ಯಾರು ಯಾವಾಗ ಪಾಠ ತೆರೆದರು, ಎಷ್ಟು ಹೊತ್ತು ಇದ್ದರು, ಯಾವ ಫೋನಿನಿಂದ ಅನ್ನುವುದೆಲ್ಲ ಅದರಲ್ಲಿ ಉಳಿಯುತ್ತದೆ. ಅರವತ್ತೆರಡು ಜನವೂ ಒಂದೇ ಮಧ್ಯಾಹ್ನ, ಒಂದೇ ಫೋನಿನಲ್ಲಿ, ಒಬ್ಬರ ಹಿಂದೆ ಒಬ್ಬರು. ಮಿಲ್ಲಿನ ಮೇಸ್ತ್ರಿ ತನ್ನ ಫೋನು ಹಿಡಿದು ಕೂತು ಎಲ್ಲರ ಹೆಸರಲ್ಲೂ ತೆರೆದು ಮುಚ್ಚಿದ್ದ. ಮರಿಯಯ್ಯನ ಹೆಸರಿನ ಮುಂದೆ ಮೂರು ನಿಮಿಷ ಇತ್ತು. ಒಂಬತ್ತನೆಯ ತುಂಡಿನ ಮುಂದೆ ಸೊನ್ನೆ. ಅದನ್ನು ಅರವತ್ತೆರಡರಲ್ಲಿ ಒಬ್ಬರೂ ಕೇಳಿರಲಿಲ್ಲ.

ಶುಕ್ರವಾರ ಚಲುವರಾಜು ಬಾಗಿಲು ಮುಂದೆ ಮಾಡಿಕೊಂಡು ಬಂದು ಕೂತರು. ಮುಖ ಇಳಿದಿತ್ತು. ಸಾವಿನ ತನಿಖೆಗೆ ಅಧಿಕಾರಿ ಬುಧವಾರ ಬರುತ್ತಾರಂತೆ, ಮಿಲ್ಲಿನವರು ಒಂದು ಮಾತು ಹೇಳಿ ಕಳಿಸಿದ್ದಾರೆ ಅಂದರು. ಹಳೇ ಪ್ಯಾಕೇಜನ್ನು ಪೋರ್ಟಲ್ಲಿನಿಂದ ತೆಗೆದು, ಅದೇ ಪಾಠವನ್ನು ಹೊಸದಾಗಿ ಕಟ್ಟಿ ಏರಿಸಬೇಕು. ಹಳೆಯದು ಹೋದರೆ ಅದರ ನಿಮಿಷದ ಲೆಕ್ಕವೂ ಹೋಗುತ್ತದೆ, ಸರ್ಟಿಫಿಕೇಟು ಮಾತ್ರ ಉಳಿಯುತ್ತದೆ. "ನಂಗೇನು ಖುಸಿನಾ ಟೀಚರಮ್ಮ? ಟಿಕ್ಕು ತೆಗ್ದಿದ್ದು ನಾವೇ ಅಂತ ಆದ್ರೆ ಈ ಬಾಗ್ಲು ಮುಚ್ಬೇಕಾಯ್ತದೆ. ನಾಳೆ ನಿಂಗೆ ಯಾವನು ಕೆಲ್ಸ ಕೊಟ್ಟಾನು?" ಅಂದರು. ಬೆದರಿಸುವ ದನಿಯಲ್ಲ ಅದು, ಬೇಡಿಕೊಳ್ಳುವ ದನಿ.

ಅವಳು ಹೊಸ ಗಂಟು ಕಟ್ಟಿದಳು. ಏರಿಸಲಿಲ್ಲ. ಹಳೆಯದರ ಲೆಕ್ಕವನ್ನು ನಾಲ್ಕು ಹಾಳೆಯ ಮೇಲೆ ಅಚ್ಚು ಹಾಕಿಕೊಂಡು ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡು ಊರಿಗೆ ಬಂದಳು.

ಮನೆಯಲ್ಲಿ ಮಾಯಮ್ಮ ಅಲಸಂದೆಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಟಿಕ್ಕು ಅಂದರೆ ಏನು ಅಂತ ಎರಡು ಸಲ ಕೇಳಿ ತಿಳಿದುಕೊಂಡಳು. ಮಗಳು ಮತ್ತೆ ಮನೆಯಲ್ಲಿ ಕೂರುವ ದಿನ ಬಂತು ಅಂತ ಅವಳಿಗೆ ಗೊತ್ತಾಯಿತು, ಆದರೆ ಆ ಮಾತು ಎತ್ತಲಿಲ್ಲ. ಕೊನೆಯ ಕಾಯಿ ಸುಲಿದು, "ಟಿಕ್ಕು ತೆಗ್ದಿದ್ದು ಒಂದ್ ತಪ್ಪು. ಪುಟ್ಟಲಕ್ಷ್ಮಿ ಕಾಗ್ದ ತಂದಾಗ ಬಾಯಿ ಮುಚ್ಕಂಡಿದ್ದು ಅದ್ಕಿಂತ ದೊಡ್ಡದು ಕಣೆ" ಅಂದು, ಸಿಪ್ಪೆ ಗುಡಿಸಿ ದನಕ್ಕೆ ಹಾಕಲು ಎದ್ದು ಹೋದಳು.

ಬುಧವಾರ ಮಿಲ್ಲಿನ ಆಫೀಸಿನಲ್ಲಿ ಅಧಿಕಾರಿ, ಮ್ಯಾನೇಜರು, ಮೇಸ್ತ್ರಿ, ಚಲುವರಾಜು ಕೂತಿದ್ದರು. ಪಾಠ ಮಾಡಿದವಳು ಅಂತ ರಂಜಿತಳನ್ನೂ ಕರೆಸಿದ್ದರು. ಪುಟ್ಟಲಕ್ಷ್ಮಮ್ಮ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು. ಕುರ್ಚಿ ಕೊಟ್ಟರೂ ಕೂತಿರಲಿಲ್ಲ. ಮ್ಯಾನೇಜರು ಸರ್ಟಿಫಿಕೇಟು ತೋರಿಸಿ, ಪಾಠ ಕಲಿತ ಆಳು ತಾನಾಗಿಯೇ ತಪ್ಪು ಮಾಡಿದ ಅಂದರು. ಅಧಿಕಾರಿ ರಂಜಿತಳ ಕಡೆ ತಿರುಗಿ, ಪಾಠ ಮಾಡಿದವರು ನೀವೇನಾ ಅಂದರು. ಅವಳು ನಾಲ್ಕು ಹಾಳೆ ಮೇಜಿನ ಮೇಲಿಟ್ಟಳು. ಟಿಕ್ಕು ತೆಗೆದದ್ದು ತನ್ನದೇ ಕೈ ಅಂದಳು. ಯಾರು ಹೇಳಿದರು ಅನ್ನುವುದನ್ನೂ ಹೇಳಿದಳು. ಕೊನೆಗೆ ಸರ್ಟಿಫಿಕೇಟಿನ ತಾರೀಕಿನ ಮೇಲೆ ಬೆರಳಿಟ್ಟು, "ಈ ದಿನ ಮಧ್ಯಾಹ್ನ ಅವರು ಇಲ್ಲಿರ್ಲೇ ಇಲ್ಲ ಸಾರ್. ಅವರ ತಾಯಿ ತಿಥಿ. ನನ್ನ ಎಲೆಗೆ ಅವರೇ ಬಡಿಸಿದ್ರು. ಊರನ್ನೇ ಕೇಳಿ" ಅಂದಳು.

ಮೇಸ್ತ್ರಿ ನೆಲ ನೋಡಿದ. ಚಲುವರಾಜು ಕಣ್ಣು ಮುಚ್ಚಿಕೊಂಡರು. ಅಧಿಕಾರಿ ಹಾಜರಿ ಪುಸ್ತಕ ತರಿಸಿದರು. ಜೂನ್ ಹದಿನಾರರ ಕೆಳಗೆ ಮರಿಯಯ್ಯನ ಹೆಸರಿನ ಮುಂದೆ ರಜಾ ಅಂತ ಮಿಲ್ಲಿನವರದೇ ಕೈಬರಹವಿತ್ತು. ಅವರು ಬಹಳ ಹೊತ್ತು ಬರೆದುಕೊಂಡರು. ಮಿಲ್ಲಿನವರ ವರದಿಯಲ್ಲಿದ್ದ ಸತ್ತವನ ತಪ್ಪು ಅನ್ನುವ ಸಾಲನ್ನು ಎಲ್ಲರ ಎದುರಿಗೇ ಹೊಡೆದು ಹಾಕಿದರು.

ಗೇಟಿನ ಹೊರಗೆ ರಂಜಿತ ಕಾದು ನಿಂತಿದ್ದಳು. ಪುಟ್ಟಲಕ್ಷ್ಮಮ್ಮ ಬಂದು ಅವಳನ್ನು ದಾಟಿಕೊಂಡು ಹೋಗಿ, ನಾಲ್ಕು ಹೆಜ್ಜೆ ಆಚೆ ನಿಂತಳು. "ನಂಗೆ ಓದಾಕ್ ಬರಕಿಲ್ಲ ಅಂತ್ಲೇ ನಿನ್ ಕೈಗೆ ಕೊಟ್ಟಿದ್ದು ಕಣವ್ವ. ಅವತ್ತೇ ಗೊತ್ತಿತ್ತು ನಿಂಗೆ" ಅಂದಳು. ಅವರಿಬ್ಬರೂ ಒಂದೇ ಬಸ್ಸಿನಲ್ಲಿ, ಒಬ್ಬಳು ಮುಂದೆ ಒಬ್ಬಳು ಹಿಂದೆ ಕೂತು ಊರಿಗೆ ಬಂದರು.

ತಿಂಗಳು ತುಂಬುವುದರೊಳಗೆ ಗೊಬ್ಬರದ ಅಂಗಡಿಯ ಮೇಲಿನ ಕೋಣೆಗೆ ಬೀಗ ಬಿತ್ತು. ಎಂಟೂಕಾಲಿನ ಬಸ್ಸು ರಂಜಿತಳಿಲ್ಲದೆ ಹೋಗತೊಡಗಿತು. ರೇಡಿಯೋ ಕೆಟ್ಟೋಯ್ತಾ ಅಂತ ಒಂದಿಬ್ಬರು ಕೆಣಕಿ, ಅವಳ ಮುಖ ನೋಡಿ ಸುಮ್ಮನಾದರು.

ಒಂದು ಮಧ್ಯಾಹ್ನ ಪುಟ್ಟಲಕ್ಷ್ಮಮ್ಮ ತಾನಾಗಿಯೇ ಬಂದಳು. ಒಳಗೆ ಬರಲಿಲ್ಲ, ಜಗುಲಿಯ ಮೇಲೆ ಕೂತಳು. ಆ ಪಾಠ ಇನ್ನೂ ಇದೆಯಾ ಅಂದಳು. ಫೋನಿನಲ್ಲಿ ಇದೆ ಅಂದಳು ರಂಜಿತ. ಹಾಕು ಅಂದಳು.

ರಂಜಿತ ಹಾಕಿದ್ದು ಟಿಕ್ಕು ತೆಗೆಯುವ ಮುಂಚಿನ ಗಂಟನ್ನು, ಪೂರ್ತಿ ಕೇಳಿದ ಹೊರತು ಮುಂದಕ್ಕೆ ಹೋಗದಂಥ ಮೊದಲನೆಯದನ್ನು. ಪುಟ್ಟಲಕ್ಷ್ಮಮ್ಮ ಚಿತ್ರ ನೋಡಲಿಲ್ಲ. ಎದುರಿನ ಹುಣಸೆಮರದ ಕಡೆ ಕಣ್ಣು ನೆಟ್ಟು ಬರೀ ಕೇಳಿದಳು. ಒಂದು ತುಂಡು ಮುಗಿದಾಗೆಲ್ಲ ರಂಜಿತ ಬೆರಳು ಒತ್ತುವಳು, ಇನ್ನೊಂದು ತೆರೆಯುವುದು. ಒಂಬತ್ತನೆಯದು ಬಂತು. ರಂಜಿತಳ ದನಿಯೇ ಹೇಳಿತು: "ಕರೆಂಟ್ ಓಯ್ತು ಅಂತ ಕೈ ಇಕ್ಬ್ಯಾಡಿ. ಓಗಿರೋದು ಯಾವಾಗ್ ಬೇಕಾದ್ರೂ ಬತ್ತದೆ. ಮೊದ್ಲು ಫೀಜು ಕೀಳಿ. ಕಿತ್ತು ನಿಮ್ ಜೇಬಲ್ಲೇ ಇಟ್ಕಳಿ. ಫೀಜು ನಿಮ್ ಜೇಬಲ್ ಇರೋಗಂಟ ಮಿಸನ್ನು ತಿರುಗಕಿಲ್ಲ."

ಪುಟ್ಟಲಕ್ಷ್ಮಮ್ಮ ಅದನ್ನು ಇನ್ನೊಂದು ಸಲ ಹಾಕಿಸಿಕೊಂಡಳು. ಆಮೇಲೆ ಉಳಿದ ಎರಡನ್ನೂ ಕೇಳಿ, ಕೊನೆಯ ಪ್ರಶ್ನೆಗಳಿಗೂ ಉತ್ತರ ಹೇಳಿ ಮುಗಿಸಿದಳು. ಮುಕ್ಕಾಲು ಗಂಟೆಯೊಳಗೆ ಫೋನಿನ ಮೇಲೆ ಪಾಠ ಪೂರ್ಣಗೊಂಡಿದೆ ಅಂತ ಹಸಿರಕ್ಷರ ಮೂಡಿತು.

"ಇಷ್ಟೇಯಾ?" ಅಂದಳು. ಸೆರಗನ್ನು ಹೆಗಲಿಗೆ ಎಳೆದುಕೊಂಡು ಎದ್ದಳು. "ಇದ್ನ ಕೇಳಿದ್ರೆ ಅಂಗೇ ಮಾಡ್ತಿದ್ದ ಕಣವ್ವ ಅವ್ನು. ಯೋಳಿದ್ ಮಾತ ಮೀರೋನಲ್ಲ."

ಅಷ್ಟು ಹೇಳಿ ಮೆಟ್ಟಿಲಿಳಿದು ಹೋದಳು. ರಂಜಿತ ಫೋನನ್ನು ಜಗುಲಿಯ ಮೇಲೆ ಬೋರಲು ಹಾಕಿ, ಅವಳು ಬೀದಿ ತಿರುಗುವವರೆಗೂ ನೋಡುತ್ತ ಕೂತಳು.